ಹನ್ನೊಂದನೆಯ ಹೆಸರು

1971ರ ಪಟ್ಟಿಯಲ್ಲಿ ಹನ್ನೊಂದು ಕಾಲೇಜುಗಳಿವೆ. ಇಂದಿನ ಪಟ್ಟಿಯಲ್ಲೂ ಹನ್ನೊಂದೇ. ಲೆಕ್ಕ ಮಾತ್ರ ನೋಡುವವರಿಗೆ ಅರ್ಧ ಶತಮಾನದಲ್ಲಿ ಏನೂ ಆಗಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೆಸರು ಹೆಸರಾಗಿ ತಾಳೆ ನೋಡಿದರೆ ಹತ್ತು ಕೂಡಿಬರುತ್ತವೆ, ಒಂದು ಕೂಡಿಬರುವುದಿಲ್ಲ. ಆಮ್ಹರ್ಸ್ಟ್, ಬೇಟ್ಸ್, ಬೋಡಿನ್, ಕೋಲ್ಬಿ, ಹ್ಯಾಮಿಲ್ಟನ್, ಮಿಡಲ್‌ಬರಿ, ಟ್ರಿನಿಟಿ, ಟಫ್ಟ್ಸ್, ವೆಸ್ಲಿಯನ್, ವಿಲಿಯಮ್ಸ್ ಎರಡೂ ಕಡೆ ಇವೆ. ಹಳೆಯ ಪಟ್ಟಿಯಲ್ಲಿ ಯೂನಿಯನ್ ಇದೆ, ಹೊಸದರಲ್ಲಿ ಅದಿಲ್ಲ. ಹೊಸದರಲ್ಲಿ ಕನೆಕ್ಟಿಕಟ್ ಕಾಲೇಜು ಇದೆ, ಹಳೆಯದರಲ್ಲಿ ಅದಿಲ್ಲ.

ನಾನು ಈ ಪಟ್ಟಿಗಳ ಬಳಿ ಬಂದದ್ದು ಸಂಗೀತದ ದಾರಿ ಹಿಡಿದು. ವೆಸ್ಲಿಯನ್ ಎಂದರೆ ನಮ್ಮಲ್ಲಿ ಸಂಗೀತ ಬಲ್ಲವರಿಗೆ ಜಾನ್ ಹಿಗ್ಗಿನ್ಸ್ ನೆನಪಾಗುತ್ತಾರೆ. ಅಲ್ಲಿ ಓದಿ, ಟಿ. ವಿಶ್ವನಾಥನ್ ಮತ್ತು ಟಿ. ರಂಗನಾಥನ್ ಸೋದರರ ಗರಡಿಯಲ್ಲಿ ಪಳಗಿ, ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಹಾಡಿ ಹಿಗ್ಗಿನ್ಸ್ ಭಾಗವತರ್ ಎನಿಸಿಕೊಂಡವರು. ಅವರು 1978ರಲ್ಲಿ ವೆಸ್ಲಿಯನ್‌ಗೆ ಪಾಠ ಹೇಳಲು ಮರಳಿದರು. ಆ ಕಾಲದ ಕ್ಯಾಂಪಸ್ ಬದುಕು ಹೇಗಿತ್ತು ಎಂದು ನೋಡಹೊರಟಾಗ ಕಣ್ಣು ಆಟದ ಪುಟಗಳಿಗೆ ಜಾರಿತು. ಅಲ್ಲಿ ಸಿಕ್ಕಿದ್ದು ಈ ಪಟ್ಟಿಗಳ ಒಡೆಯ, ನ್ಯೂ ಇಂಗ್ಲೆಂಡ್ ಸ್ಮಾಲ್ ಕಾಲೇಜ್ ಅಥ್ಲೆಟಿಕ್ ಕಾನ್ಫರೆನ್ಸ್ ಎಂಬ ಅಮೆರಿಕದ ಕ್ರೀಡಾ ಒಕ್ಕೂಟ. ಅಲ್ಲಿಯವರ ಬಾಯಲ್ಲಿ ಅದು ನೆಸ್ಕ್ಯಾಕ್. ಆ ವರ್ಷಗಳಲ್ಲಿ ಅದರ ಸದಸ್ಯರು ಹನ್ನೊಂದೂ ಅಲ್ಲ, ಹತ್ತು. ಒಂದು ಕಾಲೇಜು ಹೊರಟುಹೋಗಿತ್ತು, ಅದರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಹೋದದ್ದು ಯಾಕೆ, ಬಂದದ್ದು ಯಾರು ಎಂಬ ಹುಡುಕಾಟ ಅಲ್ಲಿಂದ ಶುರುವಾಯಿತು.

ಇಂಥ ಒಕ್ಕೂಟದ ಕಡತಗಳು ಒಂದೇ ಕಪಾಟಿನಲ್ಲಿ ಇರುವುದಿಲ್ಲ. ಒಕ್ಕೂಟವೇ ಬರೆದುಕೊಂಡ ತನ್ನ ಇತಿಹಾಸ ಅರ್ಧ ಪುಟ ಮೀರುವುದಿಲ್ಲ, ಜಗಳದ ಸುದ್ದಿ ಅದರಲ್ಲಿ ಬರುವುದೂ ಇಲ್ಲ. ಉಳಿದದ್ದನ್ನು ವಿದ್ಯಾರ್ಥಿ ಪತ್ರಿಕೆಗಳಲ್ಲಿ ಹೆಕ್ಕಬೇಕು. ಇವುಗಳ ಮಟ್ಟಿಗೆ ಈ ಕಾಲೇಜುಗಳು ಶ್ರೀಮಂತ. ಬೋಡಿನ್‌ನ ‘ಓರಿಯೆಂಟ್’ 1871ರಿಂದ ಬರುತ್ತಿದೆ, ಯೂನಿಯನ್‌ನ ‘ಕಾಂಕಾರ್ಡಿಯೆನ್ಸಿಸ್’ 1877ರಿಂದ. ಹಳೆಯ ಸಂಚಿಕೆಗಳ ಸ್ಕ್ಯಾನ್‌ಗಳನ್ನು ಓದುವಾಗ ಒಂದು ಮಾತು ಮನದಟ್ಟಾಗುತ್ತದೆ: ಆಟದ ವರದಿಗಿಂತ ಸಂಪಾದಕರಿಗೆ ಬಂದ ಪತ್ರಗಳಲ್ಲಿ ಇತಿಹಾಸ ಹೆಚ್ಚು ಜೀವಂತವಾಗಿರುತ್ತದೆ. ಯಾರು ಗೆದ್ದರು ಎಂದು ವರದಿ ಹೇಳುತ್ತದೆ. ಯಾರಿಗೆ ಯಾಕೆ ಸಿಟ್ಟು ಬಂತು ಎಂದು ಪತ್ರ ಹೇಳುತ್ತದೆ.

ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಮೊದಲ ಪಂದ್ಯಕ್ಕೇ ತಲುಪಿದೆ. 1859ರ ಜುಲೈ 1, ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್. ಆಮ್ಹರ್ಸ್ಟ್ ಮತ್ತು ವಿಲಿಯಮ್ಸ್ ಕಾಲೇಜುಗಳ ಹುಡುಗರು ಬೇಸ್‌ಬಾಲ್ ಆಡಿದರು. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಬೇಸ್‌ಬಾಲ್ ಪಂದ್ಯ ಅದು. ಆಗಿನ ಮ್ಯಾಸಚೂಸೆಟ್ಸ್ ನಿಯಮದಂತೆ ಒಂದೊಂದು ಕಡೆ ಹದಿಮೂರು ಮಂದಿ. ಚೆಂಡು ಹೀಗೇ ಇರಬೇಕೆಂಬ ಕಟ್ಟಳೆ ಇರಲಿಲ್ಲವಾದ್ದರಿಂದ ಎರಡೂ ತಂಡಗಳು ತಮ್ಮ ತಮ್ಮ ಚೆಂಡು ತಂದಿದ್ದವು. ಆಮ್ಹರ್ಸ್ಟ್ 73–32ರಿಂದ ಗೆದ್ದಿತು. ಮರುದಿನ ಅದೇ ಊರಿನಲ್ಲಿ ಎರಡೂ ಕಾಲೇಜುಗಳ ನಡುವೆ ಚದುರಂಗ. ಅದನ್ನೂ ಆಮ್ಹರ್ಸ್ಟ್ ಗೆದ್ದಿತು. ಮೈಯ ಬಲಕ್ಕೊಂದು ದಿನ, ಬುದ್ಧಿಯ ಬಲಕ್ಕೊಂದು ದಿನ.

ಆ ಪಂದ್ಯದ ವರದಿಯಲ್ಲಿ ಒಂದು ಸಣ್ಣ ಗಾಳಿಸುದ್ದಿ ಉಳಿದುಬಂದಿದೆ. ಆಮ್ಹರ್ಸ್ಟ್ ಕಡೆಯಿಂದ ಚೆಂಡೆಸೆಯುತ್ತಿದ್ದವನು ವಿದ್ಯಾರ್ಥಿಯೇ ಅಲ್ಲ, ಆ ದಿನಕ್ಕೆಂದು ಕೂಲಿ ಕೊಟ್ಟು ಕರೆತಂದ ಕಮ್ಮಾರ ಎಂದು ಜನ ಆಡಿಕೊಂಡರಂತೆ. ಇದನ್ನು ಓದಿ ನಾನು ಅಲ್ಲೇ ನಿಂತೆ. ಕಾಲೇಜು ಬೇಸ್‌ಬಾಲ್ ಹುಟ್ಟಿದ ದಿನವೇ ಅದರ ಜೊತೆ ಒಂದು ಅನುಮಾನವೂ ಹುಟ್ಟಿತ್ತು: ಇಲ್ಲಿ ಆಡುತ್ತಿರುವವನು ಇಲ್ಲಿ ಓದುತ್ತಿರುವವನೇ? ಮುಂದೆ ನಾನು ತಿರುವಿಹಾಕಿದ ಪ್ರತಿ ಕಾಗದದಲ್ಲೂ ಈ ಪ್ರಶ್ನೆಯೇ ಬೇರೆ ಬೇರೆ ವೇಷದಲ್ಲಿ ಎದುರಾಯಿತು.

1955ರಲ್ಲಿ ಆಮ್ಹರ್ಸ್ಟ್, ಬೋಡಿನ್, ವೆಸ್ಲಿಯನ್, ವಿಲಿಯಮ್ಸ್ ನಾಲ್ಕೂ ಸೇರಿ ಒಂದು ಒಪ್ಪಂದ ಮಾಡಿಕೊಂಡವು. 1971ರಲ್ಲಿ ಅದೇ ಬೆಳೆದು ಹನ್ನೊಂದು ಕಾಲೇಜುಗಳ ನೆಸ್ಕ್ಯಾಕ್ ಆಯಿತು. ಇದರಲ್ಲಿ ಕಪ್, ಅಂಕಪಟ್ಟಿಗಳ ಮಾತಿಗೆ ಮೊದಲ ಜಾಗವಿರಲಿಲ್ಲ. ಆಟ ಶಿಕ್ಷಣದ ಉದ್ದೇಶಕ್ಕೆ ಹೊಂದಿಕೊಂಡಿರಬೇಕು. ಅಂಗಳಕ್ಕಿಳಿಯುವವರು ಉಳಿದ ವಿದ್ಯಾರ್ಥಿಗಳ ಹಾಗೆಯೇ ಇರಬೇಕು. ಹಣದ ನೆರವು ಮನೆಯ ಅಗತ್ಯ ನೋಡಿ ಕೊಡಬೇಕೇ ಹೊರತು ತೋಳಿನ ಬಲ ನೋಡಿ ಅಲ್ಲ. ಕೋಚ್‌ಗಳು ಕ್ಯಾಂಪಸ್ ದಾಟಿ ಹೋಗಿ ಆಟಗಾರರನ್ನು ಹುಡುಕಿ ತರುವಂತಿಲ್ಲ. ಕೊನೆಯ ಮಾತು ಕಾಲೇಜಿನ ಅಧ್ಯಕ್ಷರದೇ. ಅಮೆರಿಕದ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ ತನ್ನ ಸದಸ್ಯರನ್ನು ಮೂರು ವಿಭಾಗ ಮಾಡಿ, ಕ್ರೀಡಾ ವಿದ್ಯಾರ್ಥಿವೇತನವಿಲ್ಲದ ಮೂರನೇ ವಿಭಾಗ ತಂದದ್ದು 1973ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಈ ಹನ್ನೊಂದು ಮಂದಿ ತಮ್ಮ ಕೈಯನ್ನು ತಾವೇ ಕಟ್ಟಿಕೊಂಡಿದ್ದರು. ಇದು ಸಣ್ಣ ಸಂಗತಿಯಲ್ಲ. ನಿಯಮ ಮೇಲಿನಿಂದ ಬಂದರೆ ಗೊಣಗುತ್ತಾ ಪಾಲಿಸುತ್ತೇವೆ. ತಾವಾಗಿ ಬರೆದುಕೊಂಡದ್ದನ್ನು ಪಾಲಿಸುವುದು ಅದಕ್ಕಿಂತ ಕಷ್ಟ.

ಯೂನಿಯನ್ ಕತೆ ಈ ಕಷ್ಟದ್ದೇ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಈ ಕಾಲೇಜು 1795ರದ್ದು. 1975ರಲ್ಲಿ ಅಲ್ಲಿ ಅಕಿಲೀಸ್ ರಿಂಕ್ ಎಂಬ ಹೊಸ ಹಿಮಾಂಗಣ ತೆರೆಯಿತು. ಐಸ್ ಹಾಕಿ ತಂಡ ಕಟ್ಟಲು ಬಂದವರು ನೆಡ್ ಹಾರ್ಕ್‌ನೆಸ್. ಅವರು ಯಾರೋ ಹೊಸಬರಲ್ಲ. 1954ರಲ್ಲಿ ಆರ್‌ಪಿಐ ಎಂಬ ಕಾಲೇಜಿನ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟವರು. ಕಾರ್ನೆಲ್‌ಗೆ 1967ರಲ್ಲೂ 1970ರಲ್ಲೂ. 1970ರ ಆ ಕಾರ್ನೆಲ್ ತಂಡ 29 ಪಂದ್ಯ ಆಡಿ 29ನ್ನೂ ಗೆದ್ದಿತ್ತು. ಅಲ್ಲಿಂದ ವೃತ್ತಿಪರ ಹಾಕಿಗೆ ಹೋಗಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಕೋಚ್ ಆಗಿ, ಆಮೇಲೆ ಮ್ಯಾನೇಜರ್ ಆಗಿ ದುಡಿದವರು. ಇಂಥವರು ಸಣ್ಣ ಕಾಲೇಜಿಗೆ ಬರುವುದೆಂದರೆ ಊರಿಗೆ ಊರೇ ಸಂಭ್ರಮಿಸಿತು. ತಂಡವೂ ನೋಡನೋಡುತ್ತಲೇ ಗೆಲ್ಲತೊಡಗಿತು.

ಇಲ್ಲಿ ದಿನಾಂಕಗಳನ್ನು ಜೋಡಿಸಿ ನೋಡಬೇಕು. ಒಪ್ಪಂದಕ್ಕೆ ಸಹಿ 1971ರಲ್ಲಿ, ಹಾರ್ಕ್‌ನೆಸ್ ಬಂದದ್ದು 1975ರಲ್ಲಿ. ಕೆನಡಾದಲ್ಲಿ ಹುಟ್ಟಿದ, ಊರೂರು ಸುತ್ತಿ ಪ್ರತಿಭೆ ಗುರುತಿಸುವುದನ್ನೇ ಕಸುಬು ಮಾಡಿಕೊಂಡ ಕೋಚ್‌ಗೆ ಕ್ಯಾಂಪಸ್ ಗೇಟಿನೊಳಗೆ ಕೂತಿರಿ ಎನ್ನುವ ನಿಯಮ ಹೇಗೆ ಹಿಡಿಸೀತು? ಅವರು ಹೊರಗೆ ಹೋಗಿ ಆಟಗಾರರನ್ನು ಸೆಳೆಯುತ್ತಿದ್ದಾರೆ ಎಂಬ ಆಕ್ಷೇಪ ಒಕ್ಕೂಟದೊಳಗೆ ಎದ್ದಿತು. 1977ರಲ್ಲಿ ಯೂನಿಯನ್ ನೆಸ್ಕ್ಯಾಕ್‌ನಿಂದ ಹೊರಬಂತು.

ಒಕ್ಕೂಟ ಬಿಟ್ಟ ಮೇಲಾದರೂ ಹಾರ್ಕ್‌ನೆಸ್ ಹಾದಿ ಸುಗಮವಾಗಬೇಕಿತ್ತು. ಆಗಲಿಲ್ಲ. ಜಗಳ ಕಾಲೇಜಿನ ಒಳಗೇ ಬೆಳೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಋತುವಿನ ನಡುವೆಯೇ ಅವರು ರಾಜೀನಾಮೆ ಕೊಟ್ಟರು. ಅವರ ಬೆನ್ನಿಗೇ ಹುಡುಗರೂ ತಂಡ ಬಿಟ್ಟರು. ಆದರೆ ವೇಳಾಪಟ್ಟಿ ಯಾರಿಗೂ ಕಾಯುವುದಿಲ್ಲ. ಉಳಿದ ಪಂದ್ಯಗಳಿಗೆ ಕಾಲೇಜಿನೊಳಗೆ ಖುಷಿಗೆ ಆಡಿಕೊಂಡಿದ್ದ ಹುಡುಗರನ್ನು ಕೂಡಿಸಿಕೊಂಡು ಇಳಿಯಬೇಕಾಯಿತು, ಭಾರೀ ಅಂತರದ ಸೋಲುಗಳನ್ನು ನುಂಗಬೇಕಾಯಿತು. 1978ರಲ್ಲಿ ಅಧ್ಯಕ್ಷ ಥಾಮಸ್ ಬಾನರ್ ಕೂಡ ಯೂನಿಯನ್ ಬಿಟ್ಟರು.

ಈ ಪ್ರಕರಣದ ಬಗ್ಗೆ ಬರೆದವರಲ್ಲಿ ಅನೇಕರು ತಪ್ಪನ್ನು ಕೋಚ್ ಮೇಲೆ ಹಾಕುತ್ತಾರೆ, ಇಲ್ಲವೇ ಕಾಲೇಜಿನ ಪ್ರಾಧ್ಯಾಪಕರ ಬಿಗುಮಾನದ ಮೇಲೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಹಾರ್ಕ್‌ನೆಸ್ ತಮಗೆ ಗೊತ್ತಿದ್ದ ಕೆಲಸ ಮಾಡಿದರು, ಅದಕ್ಕೆಂದೇ ಅವರನ್ನು ಕರೆದದ್ದು. ಕೆಲಸಕ್ಕೆ ಕರೆಯುವ ಮೊದಲು ತಾವು ಸಹಿ ಹಾಕಿದ ಕಾಗದವನ್ನು ಇನ್ನೊಮ್ಮೆ ಓದಬೇಕಾದವರು ಕಾಲೇಜಿನ ಹಿರಿಯರು. ಅವರ ಅರೆಮನಸ್ಸಿನ ಬೆಲೆಯನ್ನು ತೆತ್ತವರು ಮಾತ್ರ ಆ ಚಳಿಗಾಲದಲ್ಲಿ ಸಾಲು ಸೋಲು ಕಂಡ ಹುಡುಗರು. ಅವರ ಸಲುವಾಗಿ ನನಗೆ ಇಂದಿಗೂ ಸಂಕಟವಾಗುತ್ತದೆ.

ಯೂನಿಯನ್ ಹಾಕಿ ಅಲ್ಲಿಗೆ ಮುಗಿಯಲಿಲ್ಲ. 1991ರಲ್ಲಿ ಅದು ಮೊದಲ ವಿಭಾಗಕ್ಕೆ ಏರಿತು. 2014ರ ಏಪ್ರಿಲ್‌ನಲ್ಲಿ, ಫಿಲಡೆಲ್ಫಿಯಾದಲ್ಲಿ, ಮಿನೆಸೋಟದಂಥ ದೈತ್ಯ ವಿಶ್ವವಿದ್ಯಾಲಯವನ್ನು 7–4ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಗ ಯೂನಿಯನ್ ಕ್ರೀಡಾ ವಿದ್ಯಾರ್ಥಿವೇತನ ಕೊಡುತ್ತಿರಲಿಲ್ಲ. ಒಕ್ಕೂಟ ಬಿಟ್ಟು ಮೂವತ್ತೇಳು ವರ್ಷವಾದ ಮೇಲೂ 1971ರ ಆ ಒಂದು ಮಾತು ಅಲ್ಲಿ ಉಳಿದಿತ್ತು.

ಹೋದವರ ಕತೆ ಹೀಗೆ. ಒಳಗೆ ಉಳಿದವರಿಗೂ ಆ ಹಳೆಯ ಅನುಮಾನ ತಪ್ಪಲಿಲ್ಲ. ತಂಡಗಳನ್ನು ರಾಷ್ಟ್ರೀಯ ಪಂದ್ಯಾವಳಿಗೆ ಕಳಿಸಲು 1993ರವರೆಗೆ ಅಧ್ಯಕ್ಷರು ಒಪ್ಪಿರಲಿಲ್ಲ. ಒಪ್ಪಿದ್ದೇ ತಡ, ಮಿಡಲ್‌ಬರಿಯ ಐಸ್ ಹಾಕಿ ಹುಡುಗರು 1995ರಿಂದ 1999ರವರೆಗೆ ಸತತ ಐದು ವರ್ಷ ಮೂರನೇ ವಿಭಾಗದ ಪ್ರಶಸ್ತಿ ಗೆದ್ದರು. ಹಾರ್ಟ್‌ಫರ್ಡ್ ನಗರದ ಟ್ರಿನಿಟಿ ಕಾಲೇಜು ಸ್ಕ್ವಾಷ್‌ಗೆ ಹೊರದೇಶಗಳತ್ತ ಮುಖ ಮಾಡಿತು. ಪಾಲ್ ಅಸಯಾಂಟೆ ತರಬೇತಿಯಲ್ಲಿ 1998ರಿಂದ 2012ರ ಜನವರಿಯಲ್ಲಿ ಯೇಲ್ ಎದುರು ಸೋಲುವವರೆಗೆ ಆ ತಂಡ ಸತತ 252 ಪಂದ್ಯ ಗೆದ್ದಿತು. ಆ ತಂಡಗಳಲ್ಲಿ ಭಾರತದಿಂದ ಹೋದ ಹುಡುಗರೂ ಇದ್ದರು. ಇವರು ಉಳಿದ ವಿದ್ಯಾರ್ಥಿಗಳ ಹಾಗೆಯೇ ಇರುವವರೇ ಎಂದು ಕೇಳಿದವರಿದ್ದರು. ಪರದೇಶದಿಂದ ಬಂದ ಹುಡುಗ ಓದದವನು ಎಂದು ಮೊದಲೇ ತೀರ್ಮಾನಿಸಿಬಿಡುವುದು 1859ರ ಕಮ್ಮಾರನ ಗಾಳಿಸುದ್ದಿಯಷ್ಟೇ ಹಗುರ ಎಂದು ನನ್ನ ಅನಿಸಿಕೆ.

ಗಂಭೀರವಾದ ಲೆಕ್ಕ ಬಂದದ್ದು ಪುಸ್ತಕಗಳಿಂದ. ಜೇಮ್ಸ್ ಶುಲ್ಮನ್ ಮತ್ತು ವಿಲಿಯಂ ಬೋವೆನ್ 2001ರಲ್ಲಿ, ಬೋವೆನ್ ಮತ್ತು ಸಾರಾ ಲೆವಿನ್ 2003ರಲ್ಲಿ ಇಂಥ ಕಾಲೇಜುಗಳ ದಾಖಲೆಗಳನ್ನು ಜಾಲಾಡಿದರು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಆಟಗಾರರು ವಿದ್ಯಾರ್ಥಿಗಳ ಕಡಲಲ್ಲಿ ಕಾಣದಂತಾಗುತ್ತಾರೆ. ಎರಡು ಸಾವಿರ ಮಂದಿಯ ಕಾಲೇಜಿನಲ್ಲಿ ಹುಡುಗರ ಪೈಕಿ ಸುಮಾರು ಮೂರನೇ ಒಂದು ಭಾಗ ಆಟಗಾರರೇ. ಹಾಗಾಗಿ ಪ್ರವೇಶದಲ್ಲಿ ಆಟಕ್ಕೆ ಕೊಡುವ ಒಂದಿಷ್ಟು ಒಲವು ಇಡೀ ಕಾಲೇಜಿನ ಸ್ವರೂಪವನ್ನೇ ತಿದ್ದುತ್ತದೆ. ‘ಸಣ್ಣ ಕಾಲೇಜು, ಸಣ್ಣ ಆಟ’ ಎಂದುಕೊಂಡಿದ್ದವರ ಕಣ್ಣು ತೆರೆಸಿದ ಮಾತಿದು.

ಇನ್ನು ಬಂದವರು. ಕನೆಕ್ಟಿಕಟ್ ಕಾಲೇಜು ನೆಸ್ಕ್ಯಾಕ್ ಸೇರಿದ್ದು 1982ರಲ್ಲಿ. ಅದರ ಹುಟ್ಟಿನ ಕಾಗದಗಳನ್ನು ಹುಡುಕಿದರೆ ದಾರಿ ಮತ್ತೆ ವೆಸ್ಲಿಯನ್‌ಗೇ ಹೋಗುತ್ತದೆ. ವೆಸ್ಲಿಯನ್ 1872ರಲ್ಲೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತ್ತು. ಹೆಂಗಸರು ಹೆಚ್ಚಾದರೆ ಕಾಲೇಜಿನ ಗಂಡಸುತನಕ್ಕೆ ಕುಂದು ಎಂದು ಗಂಡು ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ಗದ್ದಲ ಎಬ್ಬಿಸಿದರು. 1909ರಲ್ಲಿ ಬಾಗಿಲು ಮುಚ್ಚುವ ತೀರ್ಮಾನವಾಯಿತು, 1912ರಲ್ಲಿ ಕೊನೆಯ ಹೆಣ್ಣುಮಕ್ಕಳು ಪದವಿ ಪಡೆದು ಹೊರಟರು. ವೆಸ್ಲಿಯನ್‌ನಲ್ಲೇ ಓದಿದ್ದ ಎಲಿಜಬೆತ್ ರೈಟ್ ಮತ್ತು ಗೆಳತಿಯರು ಸುಮ್ಮನೆ ಕೂರಲಿಲ್ಲ. ಹೆಣ್ಣುಮಕ್ಕಳಿಗೆ ಬೇರೆ ಕಾಲೇಜೇ ಆಗಬೇಕೆಂದು ಹೊರಟರು. ನ್ಯೂ ಲಂಡನ್ ಊರಿನ ಜನ ಚಂದಾ ಎತ್ತಿದರು, ಮಾರ್ಟನ್ ಪ್ಲಾಂಟ್ ಎಂಬ ಸಿರಿವಂತ ಹತ್ತು ಲಕ್ಷ ಡಾಲರ್ ಕೊಟ್ಟ. 1911ರಲ್ಲಿ ಸನದು ಸಿಕ್ಕಿತು, 1915ರಲ್ಲಿ ತರಗತಿ ಶುರುವಾಯಿತು. 1969ರಲ್ಲಿ ಅದು ಗಂಡುಮಕ್ಕಳನ್ನೂ ಸೇರಿಸಿಕೊಂಡಿತು. ವೆಸ್ಲಿಯನ್ ಮತ್ತೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1970ರಲ್ಲಿ.

1971ರ ಆ ಪಟ್ಟಿಯನ್ನು ಈ ಕಣ್ಣಿನಿಂದ ನೋಡಿ. ಬೇಟ್ಸ್ 1855ರಲ್ಲಿ ಹುಟ್ಟಿದಾಗಿನಿಂದಲೂ ಹೆಣ್ಣು ಗಂಡೆನ್ನದೆ ಕಲಿಸಿದ ಕಾಲೇಜು. ಕೋಲ್ಬಿ 1871ರಲ್ಲಿ, ಮಿಡಲ್‌ಬರಿ 1883ರಲ್ಲಿ ಬಾಗಿಲು ತೆರೆದವು. ಬೋಡಿನ್ ಮಾತ್ರ ನೆಸ್ಕ್ಯಾಕ್ ಹುಟ್ಟಿದ ವರ್ಷವೇ ಹೆಣ್ಣುಮಕ್ಕಳನ್ನು ಕಂಡಿತು. ಆಮ್ಹರ್ಸ್ಟ್‌ಗೆ ಇನ್ನೂ ನಾಲ್ಕು ವರ್ಷ ಹಿಡಿಯಿತು. ಆಟಗಾರರು ಎಲ್ಲ ವಿದ್ಯಾರ್ಥಿಗಳ ಹಾಗಿರಬೇಕು ಎಂದು ಬರೆದುಕೊಂಡವರಲ್ಲಿ ಕೆಲವರಿಗೆ ‘ಎಲ್ಲ’ ಎಂದರೆ ಆಗ ಹುಡುಗರಷ್ಟೇ. ಬೋಡಿನ್ ಸೇರಿದ ಜೋನ್ ಬೆನ್ವಾ ಅಲ್ಲಿ 1979ರಲ್ಲಿ ಪದವಿ ಪಡೆದು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದರು. ಬಾಗಿಲು ತೆರೆದು ಹತ್ತು ಚಿಲ್ಲರೆ ವರ್ಷವಷ್ಟೇ ಆಗಿತ್ತು.

ಹೆಣ್ಣುಮಕ್ಕಳ ಕಾಲೇಜಾಗಿ ಬೆಳೆದ ಕನೆಕ್ಟಿಕಟ್ ಕಾಲೇಜಿಗೆ ಇಂದಿಗೂ ಅಮೆರಿಕನ್ ಫುಟ್ಬಾಲ್ ತಂಡವಿಲ್ಲ. ಆದ್ದರಿಂದ ನೆಸ್ಕ್ಯಾಕ್‌ನ ಫುಟ್ಬಾಲ್ ಅಂಕಪಟ್ಟಿಯಲ್ಲಿ ಹತ್ತೇ ಹೆಸರು. 2017ರಿಂದ ಒಬ್ಬೊಬ್ಬರೂ ಉಳಿದ ಒಂಬತ್ತು ತಂಡಗಳೊಡನೆ ಒಂದೊಂದು ಪಂದ್ಯ ಆಡುತ್ತಾರೆ. ಕನೆಕ್ಟಿಕಟ್ ಕಾಲೇಜಿನ ಹುಡುಗರು ಆಡುವುದು ಕಾಲಿನಿಂದ ಒದೆಯುವ, ನಾವು ಫುಟ್ಬಾಲ್ ಎನ್ನುವ ಆಟ. 2021ರ ಡಿಸೆಂಬರ್‌ನಲ್ಲಿ ಅದರ ಮೂರನೇ ವಿಭಾಗದ ರಾಷ್ಟ್ರೀಯ ಫೈನಲ್‌ಗೆ ಬಂದರು. ಎದುರಾಳಿ, 1955ರಲ್ಲಿ ಒಪ್ಪಂದ ಮಾಡಿಕೊಂಡ ನಾಲ್ವರಲ್ಲಿ ಒಂದಾದ ಆಮ್ಹರ್ಸ್ಟ್. ಪಂದ್ಯ 1–1ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು. ಗೆದ್ದದ್ದು ಕನೆಕ್ಟಿಕಟ್ ಕಾಲೇಜು. ಯಾವ ಆಟದಲ್ಲೇ ಆಗಲಿ, ಅದಕ್ಕೆ ತಂಡವಾಗಿ ದಕ್ಕಿದ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು.