ಸಾರಥಿಯ ಮುಖ

ಪ್ರತಿಕೃತಿ ಕಟ್ಟುವುದು ಮಕ್ಕಳಾಟವೆಂದು ಭಾವಿಸುವವರು ಬಹಳ. ಅದನ್ನು ಅಲ್ಲಗಳೆಯುವ ಹಟ ನನಗಿಲ್ಲ. ಆಟದೊಳಗೂ ಚರಿತ್ರೆಯ ಪಾಠವೊಂದು ಅಡಗಿರಬಹುದೆಂಬುದಷ್ಟೇ ನನ್ನ ಅರಿಕೆ. ನಾನು ಹಲವು ತಿಂಗಳು ಕುಳಿತು ಕಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದ ಅಮೆರಿಕನ್ ಸೈನ್ಯದ ಒಂದು ಲಾರಿಯನ್ನು. ರೇಡಿಯೋ ಅಲೆಗಳ ಅಪ್ಪಣೆಯಂತೆ ಅದು ಓಡುತ್ತದೆ, ತಿರುಗುತ್ತದೆ, ನಿಲ್ಲುತ್ತದೆ.

ಮೂಲ ಲಾರಿ ಜಿ.ಎಂ.ಸಿ. ತಯಾರಿಸಿದ್ದು, ಹೆಸರು ಸಿ.ಸಿ.ಕೆ.ಡಬ್ಲ್ಯೂ. ಈ ಅಕ್ಷರಗಳಲ್ಲೇ ಅದರ ಜಾತಕವಿದೆ. ಮೊದಲನೆಯ 'ಸಿ' 1941ರ ವಿನ್ಯಾಸವೆಂಬುದಕ್ಕೆ, ಎರಡನೆಯದು ಸಾಂಪ್ರದಾಯಿಕ ಮಾದರಿಯ ಕ್ಯಾಬಿಗೆ, 'ಕೆ' ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಸಲ್ಲುವುದಕ್ಕೆ, 'ಡಬ್ಲ್ಯೂ' ಹಿಂದಿನ ಎರಡು ಅಚ್ಚುಗಳೂ ಬಲ ಪಡೆಯುವುದಕ್ಕೆ ಸಂಕೇತ. ಎರಡೂವರೆ ಟನ್ ಹೊರೆಯ ವರ್ಗದ ಈ ವಾಹನಗಳು 1941ರಿಂದ 1945ರವರೆಗೆ ಐದು ಲಕ್ಷಕ್ಕೂ ಮೀರಿ ತಯಾರಾದವು. ಮೊದಮೊದಲು ಕ್ಯಾಬಿಗೆ ಉಕ್ಕಿನ ಮಾಡು ಇತ್ತು. ಯುದ್ಧ ಮುಂದುವರಿದಂತೆ ಉಕ್ಕನ್ನು ಉಳಿಸಬೇಕಾಗಿ ಬಂದು, ಆ ಜಾಗಕ್ಕೆ ಕ್ಯಾನ್ವಾಸ್ ಬಟ್ಟೆ ಬಂತು.

ನನ್ನ ಪ್ರತಿಕೃತಿಯ ಅಳತೆ ಮೂಲದ ಹದಿನಾರನೆಯ ಒಂದು ಪಾಲು. ಉದ್ದನೆಯ ಮಾದರಿಯಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಜೋಡಿ ಅಚ್ಚುಗಳ ನಡುಭಾಗಕ್ಕೂ ಇರುವ ದೂರ 164 ಅಂಗುಲ, ನನ್ನದರಲ್ಲಿ ಹತ್ತೂಕಾಲು. ಆದರೆ ಎಲ್ಲವೂ ಇಷ್ಟು ಸರಳವಾಗಿ ಕಿರಿದಾಗುವುದಿಲ್ಲ. ಉದ್ದ ಹದಿನಾರರಲ್ಲಿ ಒಂದಾದರೆ ತೂಕ 4,096ರಲ್ಲಿ ಒಂದಾಗಬೇಕು. ಸುಮಾರು ನಾಲ್ಕು ಟನ್ನಿನ ಬರಿಯ ಲಾರಿ, ಈ ಲೆಕ್ಕದಲ್ಲಿ, ಸುಮಾರು ಒಂದು ಕಿಲೋ ಮಾತ್ರ ತೂಗಬೇಕು. ಪಟ್ಟಿ ಸ್ಪ್ರಿಂಗುಗಳನ್ನು ಅದೇ ಉಕ್ಕಿನಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿ ಕೂಡಿಸಿದರೆ, ಅಷ್ಟು ಹಗುರವಾದ ಹೊರೆಗೆ ಅವು ಹದಿನಾರು ಪಟ್ಟು ಬಿಗಿಯಾಗಿ ನಿಲ್ಲುತ್ತವೆ. ಗಾಡಿ ಹಳ್ಳದಿಣ್ಣೆಗೆ ಬಾಗದೆ ಕುಪ್ಪಳಿಸುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವಷ್ಟು ಪಟ್ಟಿಗಳನ್ನು ಜೋಡಿಸಿಯೂ ಅವನ್ನು ಅಳತೆಗಿಂತ ತೆಳುವಾಗಿಸಬೇಕು. ನಿಜಕ್ಕೆ ನಿಷ್ಠವಾಗಿ ನಡೆಯಬೇಕಾದರೆ ಅಳತೆಗೆ ಕೊಂಚ ಸುಳ್ಳಾಡಬೇಕು!

ಇನ್ನು ರೇಡಿಯೋ. ತಂತಿಯ ಸಂಪರ್ಕವಿಲ್ಲದೆ ಯಂತ್ರವನ್ನು ನಡೆಸುವ ಕೌತುಕವನ್ನು ನಿಕೋಲಾ ಟೆಸ್ಲಾ 1898ರಲ್ಲಿಯೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ನೀರಿನ ತೊಟ್ಟಿಯಲ್ಲಿ ತೇಲುವ ಪುಟ್ಟ ದೋಣಿಯ ಮೂಲಕ ತೋರಿಸಿದ್ದ. ನನ್ನ ಲಾರಿಯಲ್ಲಿ ಚಕ್ರ ತಿರುಗಿಸುವ ಸಣ್ಣ ಯಂತ್ರಕ್ಕೆ ಸೆಕೆಂಡಿಗೆ ಸುಮಾರು ಐವತ್ತು ಬಾರಿ ವಿದ್ಯುತ್ ಮಿಡಿತ ತಲಪುತ್ತದೆ. ಮಿಡಿತ ಸೆಕೆಂಡಿನ ಸಾವಿರದ ಒಂದೂವರೆ ಪಾಲು ಇದ್ದರೆ ಗಾಡಿ ನೇರಕ್ಕೆ. ಅದಕ್ಕಿಂತ ಕಿರಿದಾದರೆ ಒಂದು ಕಡೆಗೆ, ಹಿರಿದಾದರೆ ಇನ್ನೊಂದು ಕಡೆಗೆ.

ಹೀಗೆ ಓಡಿಸುವಾಗ ವೇಗದ ಪ್ರಶ್ನೆ ಬಂತು. ಉತ್ತರಕ್ಕಾಗಿ 1944ರ ಫ್ರಾನ್ಸಿಗೆ ಹೋಗಬೇಕಾಯಿತು. ನಾರ್ಮಂಡಿಯಿಂದ ಹೊರಬಿದ್ದ ಮಿತ್ರಸೈನ್ಯ ಸೇನ್ ನದಿಯನ್ನು ದಾಟಿ ಧಾವಿಸುತ್ತಿತ್ತು. ರೈಲು ದಾರಿಗಳನ್ನು ಮಿತ್ರಪಕ್ಷದ ಬಾಂಬುಗಳೇ ಮುರಿದಿದ್ದವು. ಪೆಟ್ರೋಲು, ಮದ್ದುಗುಂಡು, ಅನ್ನ ಎಲ್ಲವೂ ಲಾರಿಯಲ್ಲೇ ಹೋಗಬೇಕು. ಆಗಸ್ಟ್ 25ರಂದು ಹೊರಟು ನವೆಂಬರ್ 16ರವರೆಗೆ ನಡೆದ ಆ ಸಾಗಣೆಯ ಹೆಸರು 'ರೆಡ್ ಬಾಲ್ ಎಕ್ಸ್‌ಪ್ರೆಸ್'. ಹೊರೆ ಹೊತ್ತ ಲಾರಿಗಳಿಗೆ ಒಂದು ದಾರಿ, ಬರಿದಾಗಿ ಮರಳುವವಕ್ಕೆ ಇನ್ನೊಂದು. ಭರಾಟೆಯ ದಿನಗಳಲ್ಲಿ ಸುಮಾರು 6,000 ಲಾರಿಗಳು ದಿನಕ್ಕೆ 12,000 ಟನ್ನಿಗೂ ಮೀರಿ ಸಾಗಿಸಿದವು. ವೇಗ ಗಂಟೆಗೆ 25 ಮೈಲಿ, ಲಾರಿಯಿಂದ ಲಾರಿಗೆ 60 ಗಜ ಅಂತರ ಎಂಬುದು ನಿಯಮ. ಮುಂದಣ ಸೈನ್ಯದ ಅವಸರಕ್ಕೆ ಆ ನಿಯಮ ಅನೇಕ ಸಲ ಮುರಿಯಿತು. ನಿಯಮದ ವೇಗವನ್ನು ಹದಿನಾರರಿಂದ ಭಾಗಿಸಿದರೆ ನನ್ನ ಲಾರಿ ಸೆಕೆಂಡಿಗೆ ಮುಕ್ಕಾಲು ಮೀಟರಿಗೂ ಕಡಿಮೆ ಚಲಿಸಬೇಕು. ಮನುಷ್ಯನ ನಡಿಗೆಗಿಂತ ನಿಧಾನ.

ಎಲ್ಲ ಮುಗಿದ ಮೇಲೆ ಉಳಿದದ್ದು ಚಾಲಕನ ಬೊಂಬೆ. ಯಂತ್ರಕ್ಕೆ ಅವನ ಅಗತ್ಯವಿಲ್ಲ, ನೋಟಕ್ಕೆ ಬೇಕು. ನನಗೆ ಸಿಕ್ಕ ಬೊಂಬೆಯ ಡಬ್ಬಿಯ ಮೇಲಿನ ಚಿತ್ರದಲ್ಲಿ ಅವನದು ಬಿಳಿಯ ಮುಖ. ಆದರೆ ಆ ದಾರಿಯ ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಆಫ್ರಿಕನ್ ಮೂಲದ ಅಮೆರಿಕನ್ನರು. ಅವರದೇ ಸೈನ್ಯ ಅವರನ್ನು ಬೇರೆ ತುಕಡಿಗಳಲ್ಲಿ ಇರಿಸಿ, ಬಹುಮಂದಿಯನ್ನು ಹೊರುವ, ಸಾಗಿಸುವ ಕೆಲಸಗಳಿಗೆ ಹಚ್ಚಿತ್ತು. ಹಗಲಿರುಳೆನ್ನದೆ ನಿದ್ದೆಗೆಟ್ಟು ಓಡಿಸಿದವರು ಇವರು. ಸೈನ್ಯದ ಈ ಪಂಕ್ತಿಭೇದವನ್ನು ಕೊನೆಗಾಣಿಸುವ ಆಜ್ಞೆಗೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರ ಜುಲೈ 26ರಂದು, ಯುದ್ಧ ಮುಗಿದು ಸುಮಾರು ಮೂರು ವರ್ಷಗಳಾದ ಮೇಲೆ.

ಈ ಕಥೆ ನಮ್ಮ ನೆಲಕ್ಕೂ ದೂರದ್ದಲ್ಲ. ಅಸ್ಸಾಮಿನ ಲೆಡೊದಿಂದ ಬರ್ಮಾದ ಮೂಲಕ ಚೀನಕ್ಕೆ ಕಾಡು ಕಡಿದು ದಾರಿ ಮಾಡಿದ ಅಮೆರಿಕನ್ ಸೈನಿಕರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನಾಂಗದವರು. ಅವರೊಡನೆ ಸಾವಿರಾರು ಭಾರತೀಯ ಕೂಲಿಗಳೂ ದುಡಿದರು. 1945ರ ಜನವರಿ 12ರಂದು ಲೆಡೊ ಬಿಟ್ಟ ಮೊದಲ ಲಾರಿಸಾಲು ಫೆಬ್ರವರಿ 4ರಂದು ಕುನ್ಮಿಂಗ್ ಸೇರಿತು. ಆ ದಾರಿಗೆ ಉಳಿದದ್ದು ಸೇನಾನಿ ಸ್ಟಿಲ್‌ವೆಲ್ಲನ ಹೆಸರು.

ಕುರುಕ್ಷೇತ್ರದಲ್ಲಿ ಎರಡೂ ಸೈನ್ಯಗಳಿಗೆ ಅನ್ನವಿಕ್ಕಿದವನು ಉಡುಪಿಯ ಅರಸನೆಂದು ನಮ್ಮ ಜನ ಕಥೆ ಹೇಳಿಕೊಂಡು ಬಂದಿದ್ದಾರೆ. ಗೆದ್ದವರನ್ನಷ್ಟೇ ಎಣಿಸದೆ ಬಡಿಸಿದವನನ್ನೂ ನೆನೆದ ಆ ಕಥೆಯ ವಿವೇಕ, ಯುದ್ಧಚರಿತ್ರೆಗಳಲ್ಲಿ ವಿರಳ. ಅವುಗಳಲ್ಲಿ ಪ್ಯಾಟನ್ ಸೇನಾನಿಯ ಓಟವಿದೆ; ಅವನ ಟ್ಯಾಂಕುಗಳಿಗೆ ಎಣ್ಣೆ ತಂದವನ ಮುಖ ಅಪರೂಪ. ಪ್ರತಿಕೃತಿ ಕಟ್ಟುವವನಿಗೆ ಒಂದು ನಟ್ಟು ತಪ್ಪಿದರೂ ಸಲ್ಲದೆಂಬ ಹಟವಿರುವಾಗ, ಮುಖವೊಂದು ತಪ್ಪಿದರೆ ಸಲ್ಲುವುದೇ? ನನ್ನ ಲಾರಿಯ ಚಾಲಕನ ಮುಖಕ್ಕೆ ನಾನು ಕಡುಗಂದು ಬಣ್ಣವನ್ನೇ ಬಳಿದೆ.