ಹಾರ್ಮೋನಿಯಂ ನಡೆದ ದಾರಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸಂಗೀತ ಪರಂಪರೆಯಲ್ಲಿ ಶ್ರೀಕೃಷ್ಣ ಪಾರಿಜಾತಕ್ಕೆ ಹಿರಿಯ ಸ್ಥಾನವಿದೆ. ಅಪರಾಳ ತಮ್ಮಣ್ಣನ ಈ ಕೃತಿಯನ್ನು ಅವಿಭಜಿತ ಗೋಕಾಕ ತಾಲೂಕಿನ ಕುಲಗೋಡ ತಮ್ಮಣ್ಣನು ಪರಿಷ್ಕರಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಅದೇ ತಾಲೂಕಿನ ಕೌಜಲಗಿ ನಿಂಗಮ್ಮನವರು ಅದನ್ನು ಮನೆಮಾತಾಗಿಸಿದರು. ಶಾಸ್ತ್ರೀಯ ರಾಗಗಳೂ ಜನಪದ ಮಟ್ಟುಗಳೂ ಅದರಲ್ಲಿ ಬೆರೆತಿವೆ.

ಆ ಮೇಳದ ಹಾರ್ಮೋನಿಯಂ ಮಾತ್ರ ಹೊರಗಿನಿಂದ ಬಂದದ್ದು. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಈ ವಾದ್ಯವನ್ನು ಮಿಷನರಿಗಳು ಆರಾಧನೆಗಾಗಿ ಭಾರತಕ್ಕೆ ತಂದರು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ಅಲ್ಲಿಂದ ಅದು ಬೈಠಕ್ಕು, ನಾಟಕ ಕಂಪನಿ, ಬಯಲಾಟ, ಚಿತ್ರಗೀತೆಗಳನ್ನು ಸೇರಿತು. ಮೀಂಡು, ಶ್ರುತಿಸೂಕ್ಷ್ಮಗಳು ಇದಕ್ಕೆ ಒಗ್ಗವೆಂದು ಆಕಾಶವಾಣಿಯು 1940ರಿಂದ 1971ರವರೆಗೆ ಇದನ್ನು ದೂರವಿಟ್ಟರೂ ಜನರು ಕೈಬಿಡಲಿಲ್ಲ.

ದೇವಾಲಯದಿಂದ ಹೊರಟ ವಾದ್ಯವನ್ನು ಬಯಲಾಟವು ಬರಮಾಡಿಕೊಂಡಿತು. ಬಯಲಿನ ಮಟ್ಟನ್ನು ಸಭೆಯು ಬರಮಾಡಿಕೊಂಡಿತೇ? ಕಿಟೆಲ್ಲರು 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಗೇಯಪದ್ಯಗಳಲ್ಲಿ ರಚಿಸಿದ್ದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆಯಾ ಜನಾಂಗದ ಸಂಗೀತಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದಿತು. ಆದರೂ ಕೃಷ್ಣಕಥೆಯ ಮಟ್ಟೆಂಬ ಅಳುಕು ನಮ್ಮಲ್ಲಿ ಉಳಿದಿದೆ.

ಈ ಅಳುಕು ಪೂರ್ಣ ನಿರಾಧಾರವಲ್ಲ. ಜನಪ್ರಿಯ ಚಿತ್ರಗೀತೆಯ ಧಾಟಿಯಲ್ಲಿ ಕೀರ್ತನೆ ಹಾಡಿದರೆ ಕೇಳುಗರ ಮನಸ್ಸು ಮೂಲಪದಗಳತ್ತ ಹರಿಯುತ್ತದೆ. ರಾಗದ ಮಾತು ಬೇರೆ. ಅದು ಯಾವ ಒಂದು ಕಥೆಯ ಸ್ವತ್ತೂ ಅಲ್ಲ. ವಿಶ್ವಾಸವನ್ನು ಅರಿಕೆಮಾಡುವುದು ಪದ; ಅದನ್ನು ಜನರ ಹೃದಯಕ್ಕೆ ಮುಟ್ಟಿಸುವುದು ಅವರದೇ ಸ್ವರ. ಈ ವಿವೇಚನೆ ಬೋಧಕನ ಹೊಣೆ.