ಒಂದು ಮೊಳದ ಅಂತರ

ಈಜು ನಮ್ಮ ನಾಡಿಗೆ ಹೊಸದಲ್ಲ. ಸೊಂಟಕ್ಕೆ ಸೋರೆಬುರುಡೆಯನ್ನೋ ಒಣಗಿದ ಬೆಂಡನ್ನೋ ಕಟ್ಟಿಕೊಂಡು ಊರ ಬಾವಿಗೆ ಇಳಿದವರು, ಕೆರೆಯ ತೂಬಿನ ಬಳಿ ಕೈಕಾಲು ಬಡಿದು ಕಲಿತವರು ಈ ಪತ್ರಿಕೆಯ ಓದುಗರಲ್ಲಿಯೂ ಹಲವರಿದ್ದಾರು. ಹಾಗೆ ಕಲಿತವರಿಗೆ ಅಂಗಾತ ಮಲಗಿ ಈಜುವುದೆಂದರೆ ದಣಿವಾರಿಸಿಕೊಳ್ಳುವ ಉಪಾಯ. ಅದೇ ಅಂಗಾತ ಈಜು ‘ಬ್ಯಾಕ್‌ಸ್ಟ್ರೋಕ್’ ಎಂಬ ಹೆಸರಿನಲ್ಲಿ 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾಯಿತು. 1908ರ ಲಂಡನ್ ಕೂಟದಲ್ಲಿ 100 ಮೀಟರ್ ದೂರದ ಪಂದ್ಯವೂ ನಡೆಯಿತು. ಈ 100 ಮೀಟರ್ ಪಂದ್ಯದಲ್ಲಿ ನಮ್ಮ ಬೆಂಗಳೂರಿನ ತರುಣರೊಬ್ಬರು ಪದಕದ ಎಷ್ಟು ಸಮೀಪಕ್ಕೆ ಹೋಗಿ ಬಂದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದೆಯೇ ಹೋಯಿತು. ಅದನ್ನು ಇಲ್ಲಿ ಬರೆದಿಡುವುದು ನಮ್ಮ ಉದ್ದೇಶ.

2022ರ ಜುಲೈ ಕೊನೆಯ ದಿನಗಳು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಾಮನ್‌ವೆಲ್ತ್ ಕ್ರೀಡಾಕೂಟ. ಪುರುಷರ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಪ್ರಾಥಮಿಕ ಸುತ್ತಿನಲ್ಲಿ ಶ್ರೀಹರಿ ನಟರಾಜ್ ತೆಗೆದುಕೊಂಡ ಕಾಲ 54.68 ಸೆಕೆಂಡು. ಸೆಮಿಫೈನಲಿನಲ್ಲಿ 54.55. ಮರುದಿನ, ಜುಲೈ 30ರಂದು ನಡೆದ ಫೈನಲಿನಲ್ಲಿ 54.31. ಸುತ್ತಿನಿಂದ ಸುತ್ತಿಗೆ ಅವರ ವೇಗ ಹೆಚ್ಚುತ್ತಲೇ ಹೋಯಿತು. ಆದರೂ ಎಂಟು ಜನರ ಪೈಕಿ ಅವರಿಗೆ ದೊರೆತದ್ದು ಏಳನೆಯ ಸ್ಥಾನ. ದಕ್ಷಿಣ ಆಫ್ರಿಕಾದ ಪೀಟರ್ ಕೂಟ್ಸೆ 53.78 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಇಂಗ್ಲೆಂಡಿನ ಬ್ರೋಡಿ ವಿಲಿಯಮ್ಸ್ 53.91ರಲ್ಲಿ ಬೆಳ್ಳಿಯನ್ನೂ ಆಸ್ಟ್ರೇಲಿಯದ ಬ್ರಾಡ್ಲಿ ವುಡ್‌ವರ್ಡ್ 54.06ರಲ್ಲಿ ಕಂಚನ್ನೂ ಪಡೆದರು.

‘ಏಳನೆಯ ಸ್ಥಾನ’ ಎಂಬ ಎರಡು ಪದಗಳನ್ನು ಓದಿ ಪುಟ ತಿರುಗಿಸಿಬಿಡುವುದು ಸುಲಭ. ತುಸು ಗಣಿತ ಮಾಡಿ ನೋಡೋಣ. ನೂರು ಮೀಟರನ್ನು 54.31 ಸೆಕೆಂಡಿನಲ್ಲಿ ಕ್ರಮಿಸುವವನು ಸರಾಸರಿ ಸೆಕೆಂಡಿಗೆ 1.84 ಮೀಟರ್ ಸಾಗುತ್ತಾನೆ. ಅಂದರೆ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಎರಡು ಸೆಂಟಿಮೀಟರಿಗೂ ಕಡಿಮೆ, ಹೆಬ್ಬೆರಳಿನ ಅಗಲದಷ್ಟು. ಶ್ರೀಹರಿಯವರಿಗೂ ಕಂಚಿನ ಪದಕಕ್ಕೂ ಇದ್ದ ವ್ಯತ್ಯಾಸ ಸೆಕೆಂಡಿನ ಕಾಲು ಭಾಗ. ಅದನ್ನು ದೂರಕ್ಕೆ ಇಳಿಸಿದರೆ 46 ಸೆಂಟಿಮೀಟರ್. ನಮ್ಮ ಹೂವಿನವಳ ಲೆಕ್ಕದಲ್ಲಿ ಸರಿಯಾಗಿ ಒಂದು ಮೊಳ! ನೂರು ಮೀಟರ್ ನೀರನ್ನು ಹಿಂದಿಕ್ಕಿ ಒಂದು ಮೊಳದಲ್ಲಿ ಪದಕ ತಪ್ಪಿತು. ಚಿನ್ನಕ್ಕೆ ಇದ್ದ ಅಂತರವೂ ಒಂದು ಮೀಟರಿನೊಳಗೇ ಇತ್ತು.

ಇದಕ್ಕಿಂತ ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. 2021ರ ಜೂನ್‌ನಲ್ಲಿ ರೋಮ್ ನಗರದ ಸೆಟ್ಟೆ ಕೊಲ್ಲಿ ಕೂಟದ ವೇಳೆ ಶ್ರೀಹರಿ ಇದೇ ದೂರವನ್ನು 53.77 ಸೆಕೆಂಡಿನಲ್ಲಿ ಈಜಿ ರಾಷ್ಟ್ರೀಯ ದಾಖಲೆ ನಿರ್ಮಿಸಿದ್ದರು. ಅದು ಪದಕದ ಪಂದ್ಯವಲ್ಲ, ಗಡಿಯಾರದ ಮೇಲಿನ ಪರೀಕ್ಷೆ. ಕಾಲವನ್ನು ದಾಖಲಿಸಲೆಂದೇ ನಡೆಸುವ ‘ಟೈಮ್ ಟ್ರಯಲ್’. ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆಯ ಮಿತಿ 53.85 ಇತ್ತು. ಅಂತರರಾಷ್ಟ್ರೀಯ ಈಜು ಸಂಸ್ಥೆ ಆ ಕಾಲವನ್ನು ಮಾನ್ಯ ಮಾಡುವವರೆಗೆ ಕಾಯಬೇಕಾಯಿತಾದರೂ ಕೊನೆಗೆ ಮಾನ್ಯತೆ ದೊರೆಯಿತು. ಬರ್ಮಿಂಗ್‌ಹ್ಯಾಮಿನ ಚಿನ್ನದ ಕಾಲ 53.78 ಎಂಬುದನ್ನು ಓದುಗರು ಇಲ್ಲಿ ನೆನಪಿಸಿಕೊಳ್ಳಬೇಕು. ಕಾಮನ್‌ವೆಲ್ತ್ ಚಿನ್ನಕ್ಕಿಂತ ಒಂದು ಹೆಬ್ಬೆರಳಿನ ಅಗಲದಷ್ಟು ಮುಂದಿರುವ ಈಜನ್ನು ಶ್ರೀಹರಿ ಅದಕ್ಕೆ ಒಂದು ವರ್ಷ ಮೊದಲೇ ಈಜಿದ್ದರು.

ಹಾಗಾದರೆ ಕೊರತೆಯಾದದ್ದು ಎಲ್ಲಿ? ಉತ್ತರ ಹುಡುಕುವ ಮೊದಲು ಈ ಈಜಿನ ಸ್ವರೂಪವನ್ನು ತಿಳಿಯಬೇಕು. ಉಳಿದ ಈಜುಗಳಲ್ಲಿ ಸ್ಪರ್ಧಿ ಮೇಲಿನ ಕಟ್ಟೆಯಿಂದ ನೀರಿಗೆ ಹಾರುತ್ತಾನೆ. ಇದರಲ್ಲಿ ನೀರಿನೊಳಗೇ ಇದ್ದು, ಹಿಡಿಗಳನ್ನು ಹಿಡಿದು, ಪಾದಗಳನ್ನು ಗೋಡೆಗೆ ಊರಿ, ಹಿಂದಕ್ಕೆ ಚಿಮ್ಮಬೇಕು. ಎದುರಾಗುವ ಗೋಡೆ ಕಣ್ಣಿಗೆ ಬೀಳದು. ಗೋಡೆಗೆ 5 ಮೀಟರ್ ಇರುವಾಗ ತಲೆಯ ಮೇಲೆ ಕಟ್ಟಿರುವ ಪತಾಕೆಗಳ ಸಾಲನ್ನು ನೋಡಿ, ಅಲ್ಲಿಂದ ಕೈಬೀಸುಗಳನ್ನು ಎಣಿಸಿ, ಅಂದಾಜಿನ ಮೇಲೆ ತಿರುಗಬೇಕು. ಎಣಿಕೆ ಅರ್ಧ ಬೀಸಿನಷ್ಟು ತಪ್ಪಿದರೂ ಮೊಳವಲ್ಲ, ಮಾರೇ ಹೋಯಿತು.

ನೀರಿನಡಿಯ ವಿದ್ಯೆ ಇನ್ನೂ ಮುಖ್ಯವಾದುದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ಮೊದಲ ಉದ್ದದ ಅರ್ಧಕ್ಕೂ ಹೆಚ್ಚು ಭಾಗವನ್ನು ನೀರಿನೊಳಗೇ ಮೀನಿನಂತೆ ಸಾಗಿ, ಪ್ರಾಥಮಿಕ ಸುತ್ತಿನಲ್ಲಿ 54.51 ಸೆಕೆಂಡಿನ ವಿಶ್ವದಾಖಲೆ ಮಾಡಿದರು. ಆದರೆ ಫೈನಲಿನಲ್ಲಿ ಅವರನ್ನು ಸೋಲಿಸಿ ಚಿನ್ನ ಒಯ್ದವರು ಜಪಾನಿನ ಡೈಚಿ ಸುಜುಕಿ, 55.05ರಲ್ಲಿ. ಆಮೇಲೆ ನಿಯಮ ಬಿಗಿಯಾಗಿ, ನೀರಿನಡಿಯ ಓಟಕ್ಕೆ 15 ಮೀಟರಿನ ಮಿತಿ ಬಂತು. ಈ ಅಂಕಿಗಳಲ್ಲಿ ಎರಡು ಪಾಠಗಳಿವೆ. 1988ರ ವಿಶ್ವದಾಖಲೆಯನ್ನೂ ಮೀರಿಸುವ ಈಜು 2022ರಲ್ಲಿ ಏಳನೆಯ ಸ್ಥಾನಕ್ಕೆ ಸಾಲುವಷ್ಟು ಜಗತ್ತು ಮುಂದೆ ಹೋಗಿದೆ ಎಂಬುದು ಒಂದು. ಶ್ರೇಷ್ಠ ಕಾಲವನ್ನು ಫೈನಲಿನ ದಿನವೇ ಈಜಬೇಕು, ಬೇರೆ ದಿನ ಈಜಿದರೆ ಪದಕವಿಲ್ಲ ಎಂಬುದು ಇನ್ನೊಂದು. ಬರ್ಕಾಫ್ ಅವರಂಥವರನ್ನೂ ಈ ಎರಡನೆಯ ಪಾಠ ಬಿಡಲಿಲ್ಲ.

ಟೋಕಿಯೊದಲ್ಲಿಯೂ ಶ್ರೀಹರಿಯವರ ಕಾಲ 54.31 ಆಗಿತ್ತು, ಅಲ್ಲಿ 27ನೆಯ ಸ್ಥಾನ. ಒಂಟಿಯಾಗಿ ಗಡಿಯಾರದೊಡನೆ ಸೆಣಸಿದಾಗ 53.77, ದೊಡ್ಡ ಕೂಟಗಳಲ್ಲಿ ಎರಡು ಬಾರಿಯೂ 54.31. ನಮಗೆ ತೋರುವಂತೆ ಇದು ಧೈರ್ಯದ ಕೊರತೆಯಲ್ಲ, ಅಭ್ಯಾಸದ ಪ್ರಶ್ನೆ. ದೇಶದೊಳಗೆ ಅವರನ್ನು ಬೆನ್ನಟ್ಟಿ ಬರುವವರು ವಿರಳ. ಎರಡು ದಿನಗಳಲ್ಲಿ ಮೂರು ಬಾರಿ ಸಮಬಲರ ನಡುವೆ ಈಜಿ, ಮೂರನೆಯದನ್ನೇ ಶ್ರೇಷ್ಠವಾಗಿಸುವ ವಿದ್ಯೆ ಅಂಥ ಪಂದ್ಯಗಳನ್ನು ಮತ್ತೆ ಮತ್ತೆ ಈಜಿಯೇ ಬರಬೇಕು. ಅಂದು ಚಿನ್ನ ಗೆದ್ದ ಕೂಟ್ಸೆಗೆ ವಯಸ್ಸು ಹದಿನೆಂಟು. ಅದೇ ಕೂಟ್ಸೆ 2025ರಲ್ಲಿ ಸಿಂಗಪುರದಲ್ಲಿ 51.85 ಸೆಕೆಂಡಿನಲ್ಲಿ ವಿಶ್ವ ಚಾಂಪಿಯನ್ ಆದರು. ಶ್ರೀಹರಿ 2024ರ ಪ್ಯಾರಿಸ್‌ನಲ್ಲಿ ಎರಡನೆಯ ಒಲಿಂಪಿಕ್ಸ್ ಕಂಡರಾದರೂ ಕಾಲ 55.01ಕ್ಕೆ ನಿಂತು, 33ನೆಯ ಸ್ಥಾನ ಬಂತು.

ದೆಹಲಿಯವರಾದ ನಮಗೂ ಈ ಕಥೆಗೂ ನಂಟಿದೆ. 1982ರ ಏಷ್ಯನ್ ಕ್ರೀಡಾಕೂಟದ ಈಜು ನಡೆದದ್ದು ಇಲ್ಲಿಯ ತಾಲಕಟೋರಾ ಕೊಳದಲ್ಲಿ. 2010ರ ಕಾಮನ್‌ವೆಲ್ತ್ ಕೂಟದಲ್ಲಿ ಅಲ್ಲಿಯೇ ಇಂಗ್ಲೆಂಡಿನ ಲಿಯಮ್ ಟ್ಯಾಂಕಾಕ್ 50 ಮತ್ತು 100 ಮೀಟರ್ ಬ್ಯಾಕ್‌ಸ್ಟ್ರೋಕ್ ಎರಡರಲ್ಲೂ ಚಿನ್ನ ಗೆದ್ದರು. 50 ಮೀಟರಿನ ಆಗಿನ ವಿಶ್ವದಾಖಲೆ ಅವರದೇ. ಆದರೆ ಕೊಳ ಇಲ್ಲಿದ್ದರೂ ಗುರುಕುಲ ಬೆಂಗಳೂರಿನಲ್ಲಿತ್ತು. ದೆಹಲಿಯ ಸಂದೀಪ್ ಸೇಜ್ವಾಲ್ ಬೆಂಗಳೂರಿಗೆ ಹೋಗಿ ನಿಹಾರ್ ಅಮೀನ್ ಅವರಲ್ಲಿ ಕಲಿತು, 2014ರ ಏಷ್ಯನ್ ಕೂಟದಲ್ಲಿ ಕಂಚು ತಂದರು. ಸಮುದ್ರವಿಲ್ಲದ ಊರು ಈಜುಗಾರರ ತವರಾದುದಕ್ಕೆ ವರ್ಷವಿಡೀ ಹಿತವಾದ ಹವೆ ಒಂದು ಕಾರಣವಾದರೆ, ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಿ ಕೊಳಕ್ಕೆ ಕರೆದೊಯ್ದ ತಂದೆತಾಯಿಗಳು ಇನ್ನೊಂದು ಕಾರಣ. ನಮ್ಮಲ್ಲಿಯೋ, ಚಳಿ ಬಂತೆಂದರೆ ತೆರೆದ ಕೊಳಗಳು ಬರಿದಾಗುತ್ತವೆ. ಹತ್ತನೆಯ ತರಗತಿ ಬಂತೆಂದರೆ ಈಜುಡುಪು ಅಟ್ಟ ಸೇರುತ್ತದೆ. ಹವೆಯನ್ನು ಬದಲಿಸಲು ನಮ್ಮಿಂದಾಗದು, ಎರಡನೆಯದನ್ನು ಬದಲಿಸಬಹುದು.

ಬರ್ಮಿಂಗ್‌ಹ್ಯಾಮಿನ ಇನ್ನೊಂದು ಫಲಿತಾಂಶವನ್ನು ಹೇಳಿ ಮುಗಿಸುತ್ತೇವೆ. ಅಲ್ಲಿಯ 50 ಮೀಟರ್ ಬ್ಯಾಕ್‌ಸ್ಟ್ರೋಕ್ ಫೈನಲಿನಲ್ಲಿ ಶ್ರೀಹರಿ 25.23 ಸೆಕೆಂಡಿನಲ್ಲಿ ಐದನೆಯವರಾದರು. ಗೆದ್ದ ನ್ಯೂಜಿಲೆಂಡಿನ ಆಂಡ್ರ್ಯೂ ಜೆಫ್‌ಕೋಟ್ ಅವರ ಕಾಲ 24.65. ಒಲಿಂಪಿಕ್ಸ್‌ನಲ್ಲಿ ಆಗ ಈ ಪಂದ್ಯವೇ ಇರಲಿಲ್ಲ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಅದನ್ನು ಸೇರಿಸಲು 2025ರಲ್ಲಿ ತೀರ್ಮಾನವಾಗಿದೆ. ಆ ಕೊಳಕ್ಕೆ ನಮ್ಮವರು ಯಾರು ಇಳಿಯುವರೋ ಕಾಲವೇ ಹೇಳಬೇಕು. ಯಾರೇ ಇಳಿಯಲಿ, ಮರುದಿನ ಪತ್ರಿಕೆಯಲ್ಲಿ ಅವರ ಸ್ಥಾನವನ್ನಷ್ಟೇ ನೋಡಿ ಪುಟ ತಿರುಗಿಸದೆ, ಪಕ್ಕದಲ್ಲಿರುವ ಕಾಲವನ್ನೂ ಓದೋಣ. ಅದನ್ನು ಮೊಳದಲ್ಲಿ ಅಳೆದು ಮಕ್ಕಳಿಗೂ ತೋರಿಸೋಣ.